ಅಮ್ಮನ ಡಬ್ಬಿಯಲ್ಲಿರುವ ‘ಚಿಟ್ಟೆ ಕಲ್ಲು’: ಚೀನಾದ ಹಳೆಯ ಕಲ್ಲಿನ ಕೆಲಸ ಬಲ್ಲವರು ದಯವಿಟ್ಟು ನೋಡಿ ಹೇಳಿ

ಪಂಚಗಂಗಾವಳಿ (ಭಾನುವಾರ ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಕುಂದಾಪುರದ ಹತ್ತಿರದ ಊರು. ನನ್ನ ಸೋದರಮಾವ ಸರಕು ಹಡಗಿನಲ್ಲಿ ಕೆಲಸಕ್ಕಿದ್ದರು. 1964ರಲ್ಲಿ ರಜೆಗೆ ಬಂದಾಗ ಹಾಂಗ್‌ಕಾಂಗ್‌ನಿಂದ ಒಂದು ಕಲ್ಲು ತಂದು ತಂಗಿಗೆ, ಅಂದರೆ ನನ್ನ ಅಮ್ಮನಿಗೆ, ಕೊಟ್ಟರು. ಅಂದಿನಿಂದ ಇಂದಿನವರೆಗೆ ಅದು ದೇವರ ಕೋಣೆಯಲ್ಲಿ, ಅರಿಶಿನ ಕುಂಕುಮದ ಬಟ್ಟಲಿನ ಪಕ್ಕದ ಹಿತ್ತಾಳೆ ಡಬ್ಬಿಯಲ್ಲಿದೆ. ನಾವು ಮಕ್ಕಳೆಲ್ಲ ಅದನ್ನು ‘ಚಿಟ್ಟೆ ಕಲ್ಲು’ ಎಂದೇ ಕರೆದು ಬೆಳೆದವರು.

ಎತ್ತರ ಐದು ಸೆಂಟಿಮೀಟರ್, ಅಂಗೈಯಲ್ಲಿ ಸರಿಯಾಗಿ ಕೂರುತ್ತದೆ. ಮುಖ್ಯ ಭಾಗ ಎಳನೀರಿನ ಗಂಜಿಯ ಬಣ್ಣ, ತುಸು ಹಸಿರು ಛಾಯೆ. ಆಕಾರ ಮಾವಿನಕಾಯಿಯಂತೆ, ತುದಿ ಮೊನಚು, ಒಂದು ಪಕ್ಕ ಎಲೆ. ಒಂದು ಬದಿಯಲ್ಲಿ ಮಾತ್ರ ಬೆಲ್ಲದ ಪಾಕದಂಥ ಕಂದು ಬಣ್ಣವಿದೆ. ಆ ಕಂದು ಜಾಗದಲ್ಲಿಯೇ ರೆಕ್ಕೆ ಹರಡಿದ ಚಿಟ್ಟೆ ಇದೆ. ಚಿಟ್ಟೆಯ ಬಾಯಿಯ ಹತ್ತಿರ ಅಂಗಿಯ ಗುಂಡಿಯಂಥ ಎರಡು ಬಿಲ್ಲೆಗಳು. ಮೇಲ್ಗಡೆ ಸಣ್ಣ ರಂಧ್ರ. ಅಮ್ಮ ಅದಕ್ಕೆ ಕಪ್ಪು ದಾರ ಕಟ್ಟಿದ್ದಾರೆ. ನಾಲ್ಕು ಚಿತ್ರಗಳನ್ನು ಹಾಕಿದ್ದೇನೆ.

ಒಬ್ಬ ಆಭರಣದ ಅಂಗಡಿಯವರು ಕೈಯಲ್ಲಿ ಹಿಡಿದು ಅರ್ಧ ನಿಮಿಷ ನೋಡಿ “ಇದು ಪಚ್ಚೆಯಲ್ಲ, ಬಳಪದ ಕಲ್ಲು” ಎಂದು ಹಿಂದಿರುಗಿಸಿದರು. ಅಮ್ಮನಿಗೆ ಆ ದಿನವಿಡೀ ಮನಸ್ಸಿಗೆ ಸರಿಯಿರಲಿಲ್ಲ. ಮಾರುವ ಯೋಚನೆ ನಮಗಿಲ್ಲ. ಅಣ್ಣ ಕೊಟ್ಟದ್ದು ಏನು ಎಂದು ತಿಳಿಯಬೇಕೆಂಬುದು ಅಮ್ಮನ ಆಸೆ. ಅವರಿಗೀಗ ಎಂಬತ್ತು ದಾಟಿದೆ.

ಹರಳುಪರೀಕ್ಷೆ (ಭಾನುವಾರ ಮಧ್ಯಾಹ್ನ)

ಮೇಡಂ, ಅಂಗಡಿಯವರ ಮಾತಿನ ಮೊದಲರ್ಧ ಸರಿ. ಪಚ್ಚೆ ಬೇರೆ, ಜೇಡ್ ಬೇರೆ. ಪಚ್ಚೆ ನವರತ್ನಗಳಲ್ಲಿ ಒಂದು, ಬೆಳಕು ಹಾಯುವ ಹರಳು. ಜೇಡ್ ಎಂಬ ಒಂದೇ ಹೆಸರಿನಡಿ ಎರಡು ಕಲ್ಲುಗಳಿವೆ, ನೆಫ್ರೈಟ್ ಮತ್ತು ಜೇಡೈಟ್. 1863ರಲ್ಲಿ ಫ್ರಾನ್ಸಿನ ಅಲೆಕ್ಸಿ ದಾಮೂರ್ ಎಂಬ ವಿಜ್ಞಾನಿ ಇವೆರಡನ್ನು ಬೇರ್ಪಡಿಸಿ ತೋರಿಸಿದರು. ಚೀನಾದವರು ಸಾವಿರಾರು ವರ್ಷ ಕೆಲಸ ಮಾಡಿದ್ದು ಬಹುಪಾಲು ನೆಫ್ರೈಟ್‌ನಲ್ಲಿ. ಕಣ್ಣು ಕುಕ್ಕುವ ಹಸಿರಿನ ಜೇಡೈಟ್ ಬರ್ಮಾದಿಂದ ಅಲ್ಲಿಗೆ ಹೇರಳವಾಗಿ ಹೋದದ್ದು 18ನೇ ಶತಮಾನದಲ್ಲಿ. ಅದಕ್ಕೆ ಅವರು ಕೊಟ್ಟ ಹೆಸರು ಫೈತ್ಸ್ವೇ. ಮಿಂಚುಳ್ಳಿಯ ಗರಿಗೆ ಇದ್ದ ಹೆಸರನ್ನೇ ಕಲ್ಲಿಗೆ ಇಟ್ಟರು.

ಆದರೆ “ಬಳಪದ ಕಲ್ಲು” ಎಂದು ಅರ್ಧ ನಿಮಿಷದಲ್ಲಿ ಹೇಳಿದ್ದು ತಪ್ಪು. ಬಳಪದ ಕಲ್ಲನ್ನು ಜೇಡ್ ಎಂದು ಮಾರುವವರು ಬಹಳ ಮಂದಿ ಇದ್ದಾರೆ, ಒಪ್ಪುತ್ತೇನೆ. ಪರೀಕ್ಷೆ ಮಾಡದೆ ಹೇಳಬಾರದು. ದಯವಿಟ್ಟು ಚಾಕು, ಸೂಜಿ ಯಾವುದರಿಂದಲೂ ಗೀರಿ ನೋಡಬೇಡಿ. ಅದರ ಬದಲು ಹೀಗೆ ಮಾಡಿ. 0.1 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ತೆಗೆದುಕೊಳ್ಳಿ. ಕಲ್ಲಿನ ಕಪ್ಪು ದಾರ ಬಿಚ್ಚಿ ತೂಕ ಬರೆದುಕೊಳ್ಳಿ. ಬಳಿಕ ಒಂದು ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ಕಲ್ಲಿಗೆ ತೆಳುವಾದ ನೂಲು ಕಟ್ಟಿ, ಲೋಟದ ತಳಕ್ಕೂ ಅಂಚಿಗೂ ತಗುಲದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಗಾಳಿಯ ಗುಳ್ಳೆ ಅಂಟಿದ್ದರೆ ಅಲುಗಿಸಿ ಬಿಡಿಸಿ. ಈಗ ತಕ್ಕಡಿ ತೋರಿಸುವ ಅಂಕಿ ಕಲ್ಲು ಸರಿಸಿದ ನೀರಿನ ತೂಕ. ಮೊದಲ ತೂಕವನ್ನು ಇದರಿಂದ ಭಾಗಿಸಿ. ಮೂರು ಬಾರಿ ಮಾಡಿ.

ಉತ್ತರ 2.95ರ ಆಸುಪಾಸು ಬಂದರೆ ನೆಫ್ರೈಟ್, 3.33ರ ಹತ್ತಿರ ಬಂದರೆ ಜೇಡೈಟ್. ಜೇಡ್‌ನಂತೆಯೇ ಕಾಣುವ ಸರ್ಪೆಂಟೈನ್ ಎಂಬ ಮೆದು ಕಲ್ಲಾಗಿದ್ದರೆ ಸುಮಾರು 2.6, ಬೆಣಚುಕಲ್ಲಿನ ಜಾತಿಯಾದರೆ 2.65.

ಕಾರ್ಕಳದ ಕಲ್ಲುಕುಟಿಗ (ಭಾನುವಾರ ಸಂಜೆ)

ನಾನು ಮೂವತ್ತು ವರ್ಷದಿಂದ ಕೃಷ್ಣಶಿಲೆಯಲ್ಲಿ ದೇವರ ವಿಗ್ರಹ ಮಾಡುವವನು. ಚೀನಾದ ಕೆಲಸದ ಬಗ್ಗೆ ಓದಿದವನಲ್ಲ. ಆದರೆ ನಿಮ್ಮ ಮೂರನೆಯ ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತ ಕುಳಿತವನು ಊಟಕ್ಕೆ ಏಳಲಿಲ್ಲ.

ಎಲೆಯ ನರಗಳನ್ನು ನೋಡಿ. ನಾವು ಚಾಣದಲ್ಲಿ ಗೆರೆ ಎಳೆದರೆ ಹೊಡೆತ ಬಿದ್ದ ಕಡೆ ಆಳ, ಮುಂದೆ ಹೋದಂತೆ ತೇಲುತ್ತದೆ. ಪ್ರತಿ ಪೆಟ್ಟೂ ಒಂದು ಸಣ್ಣ ಮೆಟ್ಟಿಲು ಬಿಡುತ್ತದೆ. ಇಲ್ಲಿ ಹಾಗಿಲ್ಲ. ಒಂದೊಂದು ಗೆರೆಯೂ ದೋಣಿಯ ಹಾಗಿದೆ, ಎರಡು ತುದಿ ತೆಳು, ನಡುವೆ ಅಗಲ ಮತ್ತು ಆಳ. ಉದ್ದದ ನರದಲ್ಲಿ ಇಂಥ ಮೂರು ನಾಲ್ಕು ದೋಣಿಗಳು ಒಂದರ ಬಾಲಕ್ಕೆ ಒಂದರ ಮೂತಿ ತಗುಲಿಸಿ ನಿಂತಿವೆ. ಇದು ಉಳಿಯ ಕೆಲಸವೇ ಅಲ್ಲ. ಯಾವ ಉಪಕರಣ ಹೀಗೆ ಗೆರೆ ಬಿಡುತ್ತದೆ ಎಂದು ತಿಳಿದವರು ಹೇಳಬೇಕು.

ಹೊಯ್ಸಳರ ಗುಡಿಗಳಲ್ಲಿ ಸರಪಳಿ, ಮಣಿ, ಬೆರಳಿನ ಉಗುರನ್ನೂ ಬಿಡಿಸಿದ್ದಾರೆ. ಅದು ಬಳಪದ ಕಲ್ಲು, ಗಣಿಯಿಂದ ಬಂದಾಗ ಉಳಿಯ ಮಾತು ಕೇಳುತ್ತದೆ. ಈ ಕಲ್ಲು ಹರಳುಪರೀಕ್ಷೆಯವರು ಹೇಳಿದಂತೆ ನೆಫ್ರೈಟ್ ಆದರೆ ಉಕ್ಕಿಗೂ ಜಗ್ಗುವುದಿಲ್ಲವಲ್ಲ?

ತೈಪೇಯಿಂದ (ಭಾನುವಾರ ರಾತ್ರಿ)

ಅಕ್ಕ, ನಾನು ಒಂಬತ್ತು ವರ್ಷದಿಂದ ತೈವಾನಿನಲ್ಲಿದ್ದೇನೆ. ಮೂಲ ಹಾಸನ. ಇಲ್ಲಿಯ ರಾಷ್ಟ್ರೀಯ ಅರಮನೆ ಸಂಗ್ರಹಾಲಯಕ್ಕೆ ತಿಂಗಳಿಗೊಮ್ಮೆಯಾದರೂ ಹೋಗುತ್ತೇನೆ, ಹಾಗಾಗಿ ನಿಮ್ಮ ಕಲ್ಲನ್ನು ನೋಡಿದ ಕೂಡಲೇ ಬರೆಯಬೇಕೆನಿಸಿತು.

ಅದು ಚಿಟ್ಟೆಯಲ್ಲ, ಬಾವಲಿ. ರೆಕ್ಕೆಯ ಅಂಚು ಸುರುಳಿ ಸುತ್ತಿರುವುದನ್ನು ನೋಡಿ, ಎರಡು ಸಣ್ಣ ಕಿವಿಗಳನ್ನು ನೋಡಿ. ಕೆಳಗಿರುವುದು ಮಾವು ಅಲ್ಲ, ಪೀಚ್ ಹಣ್ಣು. ಚೀನಾದ ಕಥೆಗಳಲ್ಲಿ ಪಶ್ಚಿಮದ ರಾಣಿಮಾತೆಯ ತೋಟದಲ್ಲಿ ಬೆಳೆಯುವ ಪೀಚ್ ತಿಂದವರಿಗೆ ಮುಪ್ಪಿಲ್ಲ. ಅದಕ್ಕಾಗಿ ಪೀಚ್ ಎಂದರೆ ದೀರ್ಘಾಯುಸ್ಸು. ಬಾವಲಿಗೆ ಚೀನೀ ಭಾಷೆಯಲ್ಲಿ ‘ಬ್ಯೆನ್‌ಫೂ’ ಎನ್ನುತ್ತಾರೆ. ‘ಫೂ’ ಎಂಬ ಅದೇ ಉಚ್ಚಾರದ ಇನ್ನೊಂದು ಪದಕ್ಕೆ ಸೌಭಾಗ್ಯ ಎಂದು ಅರ್ಥ. ಬರೆಯುವ ಅಕ್ಷರ ಬೇರೆ, ಕಿವಿಗೆ ಒಂದೇ. ಐದು ಬಾವಲಿಗಳನ್ನು ಕೆತ್ತಿದರೆ ಐದು ಭಾಗ್ಯಗಳು: ಆಯುಸ್ಸು, ಸಂಪತ್ತು, ನೆಮ್ಮದಿಯ ಆರೋಗ್ಯ, ಸದ್ಗುಣದ ಪ್ರೀತಿ, ಕಾಲ ತುಂಬಿ ಬರುವ ಶಾಂತ ಮರಣ.

ಬಣ್ಣವನ್ನು ಬಳಸಿದ ಬಗೆಯನ್ನೂ ಗಮನಿಸಿ. ಚೀನಾದ ಪಶ್ಚಿಮದ ಶಿನ್‌ಜಿಯಾಂಗ್‌ನಲ್ಲಿರುವ ಹೊತಾನ್ ಪ್ರದೇಶದ ಯುರುಂಗ್‌ಕಾಶ್, ಕಾರಾಕಾಶ್ ಎಂಬ ಎರಡು ನದಿಗಳಲ್ಲಿ, ಅಂದರೆ ಬಿಳಿ ಜೇಡ್ ನದಿ ಮತ್ತು ಕರಿ ಜೇಡ್ ನದಿಗಳಲ್ಲಿ, ಉರುಳಿ ಬಂದ ಕಲ್ಲುಗಳಿಗೆ ಕಬ್ಬಿಣದ ಅಂಶ ಸೇರಿ ಮೇಲ್ಮೈಯಲ್ಲಿ ಕಂದು ಸಿಪ್ಪೆ ಹತ್ತುತ್ತದೆ. ಬೇರೆಯವರಾದರೆ ಸಿಪ್ಪೆಯನ್ನು ತೆಗೆದು ಬಿಸಾಡುತ್ತಿದ್ದರು. ಇವರು ಆ ಕಂದನ್ನೇ ಬಾವಲಿಗೆ ಎತ್ತಿಟ್ಟಿದ್ದಾರೆ. ಕೆತ್ತುವ ಮುಂಚೆ ಕಲ್ಲನ್ನು ಓದಬೇಕು, ಯಾವ ಬಣ್ಣ ಎಷ್ಟು ಆಳಕ್ಕೆ ಇಳಿದಿದೆ ಎಂದು ಅಂದಾಜು ಮಾಡಬೇಕು. ತಪ್ಪಿದರೆ ಕಂದು ಬಣ್ಣ ಸವೆದು ಹೋಗಿ ಬಾವಲಿಗೆ ಅರ್ಧ ರೆಕ್ಕೆ ಮಾತ್ರ ಉಳಿಯುತ್ತದೆ.

ಇಲ್ಲಿಯ ಪ್ರಸಿದ್ಧ ಎಲೆಕೋಸು ಇದೇ ವಿದ್ಯೆಯ ಫಲ. 18.7 ಸೆಂಟಿಮೀಟರ್ ಉದ್ದದ ಜೇಡೈಟ್ ತುಂಡು, ಅರ್ಧ ಬಿಳಿ, ಅರ್ಧ ಹಸಿರು, ಮೇಲಾಗಿ ಬಿರುಕುಗಳು. ಬಳೆಗೂ ಹೂಜಿಗೂ ಒದಗದ ಕಲ್ಲು. ಕುಶಲಕರ್ಮಿ ಬಿಳಿಯನ್ನು ದಂಟು ಮಾಡಿದ, ಹಸಿರನ್ನು ಎಲೆ ಮಾಡಿದ, ಬಿರುಕುಗಳನ್ನು ಎಲೆಯ ನರಗಳಲ್ಲಿ ಅಡಗಿಸಿದ. ಎಲೆಯ ಮೇಲೆ ಒಂದು ಮಿಡತೆ, ಒಂದು ಜಿಟ್ಟೆಹುಳು ಕೂತಿವೆ. ಅವು ರಾಶಿ ರಾಶಿ ಮೊಟ್ಟೆಯಿಡುವ ಕೀಟಗಳು, ಆದ್ದರಿಂದ ಬಹುಸಂತಾನದ ಹಾರೈಕೆ. ಅದು ಗುವಾಂಗ್‌ಶು ಚಕ್ರವರ್ತಿಯ ಪತ್ನಿ ಜಿನ್ ವಾಸವಿದ್ದ ಯೋಂಗ್‌ಹೆ ಅರಮನೆಯಲ್ಲಿ ಇದ್ದದ್ದು. ಮದುವೆಯ ಬಳುವಳಿಯಾಗಿ ಬಂದಿರಬೇಕೆಂದು ನಂಬಿಕೆ.

ಪಂಚಗಂಗಾವಳಿ (ಸೋಮವಾರ ರಾತ್ರಿ)

ಬಾವಲಿ ಎಂದು ಅಮ್ಮನಿಗೆ ಓದಿ ಹೇಳಿದೆ. ತಪ್ಪು ಮಾಡಿದೆನೇನೋ. ಬಾವಲಿ ಮನೆಯೊಳಗೆ ಬಂದರೆ ಅಪಶಕುನ ಎಂದು ನಮ್ಮಲ್ಲಿ ನಂಬುತ್ತಾರೆ. ಅಮ್ಮ ಏನೂ ಮಾತನಾಡದೆ ಎದ್ದು ಹೋಗಿ ಡಬ್ಬಿಯನ್ನು ದೇವರ ಕೋಣೆಯಿಂದ ತಂದು ನಡುಮನೆಯ ಕಪಾಟಿನಲ್ಲಿಟ್ಟರು. ಅರವತ್ತು ವರ್ಷ ದೇವರ ಎದುರಿಗಿದ್ದ ಕಲ್ಲು.

ತೂಕದ ಕೆಲಸ ಮಾಡಿದ್ದೇನೆ. ಮಗನ ಸ್ನೇಹಿತನ ಮನೆಯಿಂದ ತಕ್ಕಡಿ ತಂದೆವು. ಗಾಳಿಯಲ್ಲಿ 61.8 ಗ್ರಾಂ. ನೀರಿನಲ್ಲಿ ಮುಳುಗಿಸಿದಾಗ ಮೊದಲ ಬಾರಿ 21.3, ಆಮೇಲೆ ಗುಳ್ಳೆ ಬಿಡಿಸಿ ಎರಡು ಬಾರಿಯೂ 20.9.

ಹರಳುಪರೀಕ್ಷೆ (ಸೋಮವಾರ ರಾತ್ರಿ)

61.8ನ್ನು 20.9ರಿಂದ ಭಾಗಿಸಿದರೆ 2.96. ನಿಮ್ಮ ವಿವರಣೆ, ಚಿತ್ರದಲ್ಲಿ ಕಾಣುವ ಎಣ್ಣೆ ಸವರಿದಂಥ ಹೊಳಪು, ಈ ಅಂಕಿ ಮೂರನ್ನೂ ಸೇರಿಸಿ ನೋಡಿದರೆ ನೆಫ್ರೈಟ್. ಅಮ್ಮನಿಗೆ ಇದನ್ನು ಇವತ್ತೇ ತಿಳಿಸಿ.

ಸಾಂದ್ರತೆ ಕಲ್ಲಿನ ಜಾತಿ ಹೇಳುತ್ತದೆ, ಕೆಲಸದ ವಯಸ್ಸನ್ನು ಹೇಳುವುದಿಲ್ಲ. ಕಲ್ಲು ಹೇಗೂ ಕೋಟ್ಯಂತರ ವರ್ಷ ಹಳೆಯದು. ವಯಸ್ಸಿಗೆ ಕಾರ್ಕಳದವರು ಗುರುತಿಸಿದ ದೋಣಿ ಗೆರೆಗಳೇ ದಾರಿ.

ಅವರು ಕೇಳಿದ ಪ್ರಶ್ನೆಗೂ ಬರುತ್ತೇನೆ. ಗಡಸುತನ ಬೇರೆ, ಒಡೆಯದಿರುವ ಗುಣ ಬೇರೆ. ವಜ್ರಕ್ಕೆ 10 ಎಂದಿಟ್ಟ ಅಳತೆಯಲ್ಲಿ ನೆಫ್ರೈಟ್‌ನ ಗಡಸುತನ 6ರಿಂದ 6.5, ಚಾಕುವಿನ ಉಕ್ಕಿಗಿಂತ ಹೆಚ್ಚು, ಬೆಣಚುಕಲ್ಲಿನ 7ಕ್ಕಿಂತ ಕಡಿಮೆ. ಆದರೆ ಅದರ ಒಳಗಿನ ಎಳೆಗಳು ಕಂಬಳಿಯ ಉಣ್ಣೆಯಂತೆ ಒಂದರೊಳಗೊಂದು ಹೆಣೆದುಕೊಂಡಿವೆ. ವಜ್ರ ಎಲ್ಲಕ್ಕಿಂತ ಗಡಸಾದರೂ ಸರಿಯಾದ ದಿಕ್ಕಿನಲ್ಲಿ ಪೆಟ್ಟು ಬಿದ್ದರೆ ಸೀಳುತ್ತದೆ. ನೆಫ್ರೈಟ್ ಸುತ್ತಿಗೆಯ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಹಾಗಾಗಿ ಉಳಿ ಸುತ್ತಿಗೆಯಿಂದ ಇದನ್ನು ಕೆತ್ತಲು ಬರುವುದಿಲ್ಲ. ಸಾಣೆ ಹಿಡಿದು ಸವೆಸಬೇಕು, ಬೇರೆ ದಾರಿಯಿಲ್ಲ.

ಚೀನೀ ಕಲಿತವನು (ಮಂಗಳವಾರ ಬೆಳಿಗ್ಗೆ)

ತೈಪೇಯವರ ವಿವರಣೆಗೆ ಒಂದು ತಿದ್ದುಪಡಿಯಲ್ಲ, ಸೇರ್ಪಡೆ. ಎಲ್ಲರೂ ಆ ‘ಗುಂಡಿ’ಗಳನ್ನು ಬಿಟ್ಟುಬಿಟ್ಟಿದ್ದೀರಿ. ಈ ಕಲ್ಲಿನ ಒಗಟಿನ ಕೀಲಿಕೈ ಅಲ್ಲಿದೆ.

ಎರಡನೆಯ ಚಿತ್ರದಲ್ಲಿ ಬಿಲ್ಲೆಗಳ ನಡುವೆ ಇರುವ ತೂತು ದುಂಡಗಿಲ್ಲ, ಚೌಕ. ಅವು ಗುಂಡಿಗಳಲ್ಲ, ಚೀನಾದ ಹಳೆಯ ತಾಮ್ರದ ನಾಣ್ಯಗಳು. ದಾರದಲ್ಲಿ ಪೋಣಿಸಿಡಲು ನಡುವೆ ಚೌಕ ತೂತು ಇರುತ್ತಿತ್ತು.

ಬಾವಲಿಯ ಮುಂದೆ ಒಂದೇ ನಾಣ್ಯ ಇದ್ದಿದ್ದರೆ ಅರ್ಥ ಬೇರೆಯಾಗುತ್ತಿತ್ತು. ನಾಣ್ಯದ ತೂತಿಗೆ ‘ಕಣ್ಣು’ ಎನ್ನುತ್ತಾರೆ, ನಾಣ್ಯಕ್ಕೆ ‘ಚ್ಯೆನ್’. ‘ಮುಂದೆ’ ಎಂಬುದಕ್ಕೂ ‘ಚ್ಯೆನ್’ ಎಂದೇ ಉಚ್ಚಾರ. ಆಗ “ಭಾಗ್ಯ ಕಣ್ಣ ಮುಂದೆಯೇ ಇದೆ” ಎಂದು ಓದಬೇಕಿತ್ತು. ಇಲ್ಲಿ ನಾಣ್ಯ ಎರಡು. ನಾಣ್ಯಕ್ಕೆ ‘ಚ್ಯುವಾನ್’ ಎಂಬ ಇನ್ನೊಂದು ಹಳೆಯ ಹೆಸರಿದೆ; ‘ಪೂರ್ಣ’ ಎಂಬ ಪದದ ಉಚ್ಚಾರವೂ ಅದೇ. ಎರಡು ನಾಣ್ಯ ಎಂದರೆ ‘ಶ್ವಾಂಗ್ ಚ್ಯುವಾನ್’, “ಎರಡೂ ಪೂರ್ಣ”. ಯಾವ ಎರಡು? ಬಾವಲಿಯಿಂದ ಫೂ, ಪೀಚ್‌ನಿಂದ ಶೌ. ಒಟ್ಟು ವಾಕ್ಯ “ಫೂ ಶೌ ಶ್ವಾಂಗ್ ಚ್ಯುವಾನ್”: ಭಾಗ್ಯ ಮತ್ತು ಆಯುಸ್ಸು ಎರಡೂ ತುಂಬಿ ಬರಲಿ.

ನಮ್ಮ ಅಲಂಕಾರಶಾಸ್ತ್ರದಲ್ಲಿ ಇದನ್ನು ಶ್ಲೇಷೆ ಎನ್ನುತ್ತೇವೆ. ವ್ಯತ್ಯಾಸವೇನೆಂದರೆ ನಮ್ಮ ಕವಿಗಳು ಶ್ಲೇಷೆಯನ್ನು ಓಲೆಯ ಮೇಲೆ ಬರೆದರು, ಅವರು ಕಲ್ಲಿನ ಮೇಲೆ ಪ್ರಾಣಿ, ಹಣ್ಣುಗಳಲ್ಲಿ ಬರೆದರು. ಕುದುರೆಯ ಬೆನ್ನ ಮೇಲೆ ಕೋತಿ ಕೂತಿದ್ದರೆ “ಕೂಡಲೇ ದೊಡ್ಡ ಪದವಿ ಸಿಗಲಿ” ಎಂದು ಓದುತ್ತಾರೆ, ಏಕೆಂದರೆ ‘ಕುದುರೆಯ ಮೇಲೆ’ ಎಂಬ ಮಾತಿಗೆ ‘ಕೂಡಲೇ’ ಎಂದೂ ಅರ್ಥ, ಕೋತಿಗೂ ಸಾಮಂತ ಪದವಿಗೂ ಒಂದೇ ಉಚ್ಚಾರ. ಆನೆಯ ಬೆನ್ನ ಮೇಲೆ ಹೂಜಿ ಇದ್ದರೆ ಲೋಕಕ್ಕೆ ಶಾಂತಿಯ ಸೂಚನೆ. ಜೋಡಿ ನೀರುನಾಯಿಯಂತೆ ಕಾಣುವ ಪ್ರಾಣಿಗಳು ಸುರುಳಿ ಸುತ್ತಿ ಮಲಗಿದ್ದರೆ ಅವು ಬ್ಯಾಜರ್‌ಗಳು. ಹೆಸರಿನ ಉಚ್ಚಾರ ‘ಹ್ವಾನ್’, ಅಂದರೆ ಆನಂದ, ಅದು ದಂಪತಿಗೆ ಕೊಡುವ ಉಡುಗೊರೆ. ದಾಳಿಂಬೆ ಮತ್ತು ಸೋರೆಗೆ ಮಾತ್ರ ಉಚ್ಚಾರದ ಆಟ ಬೇಕಿಲ್ಲ, ತುಂಬಿದ ಬೀಜವೇ ಸಂತಾನದ ಮಾತು. ಇದು ನಮಗೂ ಹೇಳಿಕೊಡದೆ ಅರ್ಥವಾಗುತ್ತದೆ.

ಅಮ್ಮನಿಗೆ ದಯವಿಟ್ಟು ಹೇಳಿ: ಅಲ್ಲಿ ಕೆತ್ತಿರುವುದು ಬಾವಲಿಯ ರೂಪ, ಬರೆದಿರುವುದು ಒಂದು ಆಶೀರ್ವಾದದ ವಾಕ್ಯ. ಅಣ್ಣ ತಂಗಿಗೆ ಕೊಡಬಹುದಾದ ವಾಕ್ಯ.

ಕಾರ್ಕಳದ ಕಲ್ಲುಕುಟಿಗ (ಮಂಗಳವಾರ ಮಧ್ಯಾಹ್ನ)

ಸಾಣೆ ಹಿಡಿದು ಸವೆಸಿದ್ದು ಎಂದಿರಿ. ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಕರಿಕಲ್ಲಿನ ಒಂದು ಚೂರು ತೆಗೆದುಕೊಂಡೆ. ತಾಮ್ರದ ಕೊಳವೆಯ ತುಂಡು, ಜರಡಿ ಹಿಡಿದ ಹೊಳೆಮರಳು, ನೀರು. ಯಂತ್ರ ಹಾಕಲಿಲ್ಲ. ಕೊಳವೆಯನ್ನು ಅಂಗೈಗಳ ನಡುವೆ ಮಜ್ಜಿಗೆ ಕಡೆಗೋಲಿನ ಹಾಗೆ ತಿರುಗಿಸಿದೆ. ಮರಳು ನುಣ್ಣಗಾದ ಹಾಗೆ ಸದ್ದು ಬದಲಾಗುತ್ತದೆ, ಆಗ ಹೊಸ ಮರಳು ಹಾಕಬೇಕು. ಎರಡು ಗಂಟೆಯಾದ ಮೇಲೆ ತೊಳೆದು ನೋಡಿದೆ. ಅಕ್ಕಿಕಾಳಿನ ದಪ್ಪದಷ್ಟು ಆಳ ಇಳಿದಿತ್ತು. ಕೊಳವೆಯೂ ಅಷ್ಟೇ ಸವೆದಿತ್ತು.

ನನ್ನ ಕೈಯಲ್ಲಿ ಬೊಬ್ಬೆ ಎದ್ದಿದೆ. ಆದರೆ ಒಂದು ತಿಳಿಯಿತು. ಕೊರೆಯುವುದು ತಾಮ್ರ ಅಲ್ಲ, ಮರಳು. ಉಪಕರಣ ಬರೀ ಮರಳನ್ನು ಹಿಡಿದುಕೊಂಡು ಓಡಾಡಿಸುವ ಕೈ.

ತೈಪೇಯಿಂದ (ಮಂಗಳವಾರ ರಾತ್ರಿ)

ಸರ್, ನೀವು ಎರಡು ಗಂಟೆಯಲ್ಲಿ ಕಂಡುಕೊಂಡದ್ದೇ ಈ ಕಲೆಯ ಮೂಲ. ಚೀನಾದ ಪ್ರಾಚೀನ ಕಾವ್ಯಸಂಗ್ರಹದಲ್ಲಿ “ಬೇರೆ ಬೆಟ್ಟದ ಕಲ್ಲಿನಿಂದ ಜೇಡ್ ಹದಮಾಡಬಹುದು” ಎಂಬ ಸಾಲೇ ಇದೆ. ಬೇರೆ ಬೆಟ್ಟದ ಕಲ್ಲು ಎಂದರೆ ನೀವು ಹೇಳಿದ ಮರಳು: ಪುಡಿ ಮಾಡಿದ ಬೆಣಚು, ಗಾರ್ನೆಟ್, ಆಮೇಲಾಮೇಲೆ ಮಾಣಿಕ್ಯದ ಜಾತಿಗೆ ಸೇರಿದ ಕೊರಂಡಮ್.

ನಿಮ್ಮ ದೋಣಿ ಗೆರೆಗೆ ಉತ್ತರ ತಿರುಗುವ ಬಿಲ್ಲೆ. 1637ರಲ್ಲಿ ಸಾಂಗ್ ಯಿಂಗ್‌ಶಿಂಗ್ ಎಂಬ ವಿದ್ವಾಂಸರು ಕುಶಲಕಲೆಗಳ ಬಗ್ಗೆ ಬರೆದ ಗ್ರಂಥದಲ್ಲಿ ಇದರ ಚಿತ್ರಸಮೇತ ವಿವರಣೆಯಿದೆ. ಮೇಜಿನಂಥ ಚೌಕಟ್ಟಿನಲ್ಲಿ ಅಡ್ಡಲಾಗಿ ಒಂದು ದಂಡ, ದಂಡದ ತುದಿಗೆ ಕಬ್ಬಿಣದ ತೆಳು ಬಿಲ್ಲೆ. ಕುಳಿತವನು ಎರಡು ಹಲಗೆಗಳನ್ನು ಕಾಲಿನಿಂದ ಸರದಿಯಂತೆ ತುಳಿದರೆ ದಂಡಕ್ಕೆ ಸುತ್ತಿದ ಪಟ್ಟಿ ಎಳೆದು ಬಿಲ್ಲೆ ಹಿಂದಕ್ಕೂ ಮುಂದಕ್ಕೂ ತಿರುಗುತ್ತದೆ. ಒಂದು ಕೈ ಕಲ್ಲನ್ನು ಬಿಲ್ಲೆಗೆ ಒತ್ತುತ್ತದೆ, ಇನ್ನೊಂದು ಕೈ ಒದ್ದೆ ಮರಳನ್ನು ಉಣಿಸುತ್ತದೆ. ನಮ್ಮಲ್ಲಿ ಉಳಿ ಓಡುತ್ತದೆ, ಕಲ್ಲು ನಿಂತಿರುತ್ತದೆ. ಅಲ್ಲಿ ಉಪಕರಣ ಒಂದೇ ಜಾಗದಲ್ಲಿ ತಿರುಗುತ್ತದೆ, ಕಲ್ಲನ್ನು ಅದರ ಬಳಿಗೆ ತಂದು ವಾಲಿಸಬೇಕು. ದುಂಡು ಅಂಚು ಕಲ್ಲಿಗೆ ತಗುಲಿ ಬಿಟ್ಟಾಗ ಉಳಿಯುವ ಗುರುತು ನೀವು ಹೇಳಿದ ದೋಣಿ. ದೊಡ್ಡ ಬಂಡೆಯನ್ನು ಸೀಳಲು ಇಬ್ಬರು ಎದುರುಬದುರು ನಿಂತು ತಂತಿ ಗರಗಸ ಎಳೆಯುತ್ತಿದ್ದರು, ಅಲ್ಲಿಯೂ ಕಡಿಯುತ್ತಿದ್ದದ್ದು ಮರಳೇ. ಕೊನೆಯ ಹೊಳಪಿಗೆ ಮರದ, ಸೋರೆಬುರುಡೆಯ, ಚರ್ಮದ ಬಿಲ್ಲೆಗಳು.

ನಶ್ಯದ ಸೀಸೆಗಳನ್ನು ನೋಡಿದರೆ ನಿಮಗೆ ಇನ್ನೂ ಅಚ್ಚರಿಯಾಗುತ್ತದೆ. ಹೆಬ್ಬೆರಳಿನಷ್ಟು ಎತ್ತರದ ಅಗೇಟ್ ಅಥವಾ ಜೇಡ್ ಸೀಸೆ, ಬಾಯಿ ಕಡಲೆಕಾಳು ಹೋಗುವಷ್ಟು. ಮೊದಲು ಕೊಳವೆಯಿಂದ ನೇರ ಕೊರೆದು ನಡುವಿನ ತಿರುಳು ತೆಗೆಯುತ್ತಾರೆ. ಆಮೇಲೆ ತುದಿ ಬಾಗಿದ ಕಬ್ಬಿಣದ ಕಡ್ಡಿ ಇಳಿಸಿ, ಮರಳು ಹಾಕಿ, ಕಣ್ಣಿಗೆ ಕಾಣದ ಜಾಗವನ್ನು ಕೈಯ ಅಂದಾಜಿನಿಂದ ಸವೆಸುತ್ತಾರೆ. ಕೆಲವು ಅಗೇಟ್ ಸೀಸೆಗಳು ನೀರಿನಲ್ಲಿ ತೇಲುವಷ್ಟು ಹಗುರ. ಭುಜದ ಒಳಗೋಡೆ ಎಷ್ಟು ಉಳಿದಿದೆ ಎಂದು ಆ ಕುಶಲಕರ್ಮಿಗೆ ತಿಳಿಯುತ್ತಿದ್ದದ್ದು ಕಲ್ಲಿನ ಮೂಲಕ ಬರುವ ಬೆಳಕು ಮತ್ತು ಸದ್ದಿನಿಂದ ಮಾತ್ರ.

ದೊಡ್ಡದರ ಕಡೆಗೂ ಒಂದು ಮಾತು. ಬೀಜಿಂಗ್‌ನ ಅರಮನೆಯಲ್ಲಿ ಮಹಾಪುರುಷ ಯೂ ಪ್ರವಾಹವನ್ನು ಪಳಗಿಸುವ ದೃಶ್ಯದ ಒಂದು ಜೇಡ್ ಬೆಟ್ಟವಿದೆ. ಎತ್ತರ 224 ಸೆಂಟಿಮೀಟರ್, ತೂಕ 5 ಟನ್‌ಗಿಂತ ಹೆಚ್ಚು. ಶಿನ್‌ಜಿಯಾಂಗ್‌ನ ಬೆಟ್ಟದಿಂದ ತಂದ ಬಂಡೆಯನ್ನು ಯಾಂಗ್‌ಝೌ ನಗರದ ಕುಶಲಕರ್ಮಿಗಳು ವರ್ಷಗಟ್ಟಲೆ ಸವೆಸಿ 1787ರಲ್ಲಿ ಮುಗಿಸಿದರು. ಕಾರ್ಕಳದ ಬಾಹುಬಲಿಯ ನೆರಳಿನಲ್ಲಿ ಕೆಲಸ ಕಲಿತ ನಿಮಗೆ 224 ಸೆಂಟಿಮೀಟರ್ ಸಣ್ಣದೆನಿಸಬಹುದು. ಆದರೆ ಅದರಲ್ಲಿ ಒಂದೇ ಒಂದು ಚಾಣದ ಪೆಟ್ಟಿಲ್ಲ.

ಸಂಗ್ರಹಾಲಯ ಸುತ್ತುವವ (ಬುಧವಾರ)

ತೈಪೇಗೆ ಹೋಗಲಾಗದವರು ಹೈದರಾಬಾದಿಗೆ ಹೋಗಬಹುದು. ಸಾಲಾರ್ ಜಂಗ್ ಸಂಗ್ರಹಾಲಯದಲ್ಲಿ ಜೇಡ್ ವಸ್ತುಗಳಿಗೆಂದೇ ಒಂದು ಕೋಣೆಯಿದೆ. ಜಹಾಂಗೀರನದೆಂದು ತೋರಿಸುವ ಕಠಾರಿ, ನೂರ್‌ಜಹಾನಳದೆಂದು ಹೇಳುವ ಹಣ್ಣಿನ ಚಾಕು ಅಲ್ಲಿವೆ. ಮೊಘಲರೂ ನೆಫ್ರೈಟ್ ಬಳಸಿದರು. ಷಾಜಹಾನನ 1657ರ ಬಿಳಿ ಬಟ್ಟಲು ಈಗ ಲಂಡನ್ನಿನಲ್ಲಿದೆ. ಬುಡದಲ್ಲಿ ಕಮಲ, ಹಿಡಿಯಲ್ಲಿ ಮೇಕೆಯ ತಲೆ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ಚೀನಾದ ಚಿಯಾನ್‌ಲಾಂಗ್ ಚಕ್ರವರ್ತಿ ಶಿನ್‌ಜಿಯಾಂಗ್ ಪ್ರದೇಶವನ್ನು 1759ರಲ್ಲಿ ಗೆದ್ದ ಮೇಲೆ ಹೊತಾನ್‌ನ ಕಲ್ಲು ಅರಮನೆಗೆ ನೇರವಾಗಿ ಬರತೊಡಗಿತು. ಅದೇ ಹಾದಿಯಲ್ಲಿ ಭಾರತದ ಜೇಡ್ ಪಾತ್ರೆಗಳೂ ಹೋದವು. ಚಕ್ರವರ್ತಿ ಅವುಗಳಿಗೆ ಮಾರುಹೋದ. ಹಿಂದೂಸ್ತಾನ್ ಎಲ್ಲಿದೆ ಎಂದು ಕೂಲಂಕಷವಾಗಿ ವಿಚಾರಿಸಿ ಲೇಖನ ಬರೆದ. ಹೂದಳದಂತೆ ತೆಳುವಾದ ಗೋಡೆಯನ್ನು ಹೊಗಳಿ ಕವಿತೆಗಳನ್ನು ಕಟ್ಟಿ ಆ ಪಾತ್ರೆಗಳ ಮೇಲೆಯೇ ಕೊರೆಸಿದ. ತನ್ನ ಕಾರ್ಯಾಗಾರದಲ್ಲಿ ಅದೇ ಶೈಲಿಯಲ್ಲಿ ಮಾಡಿಸಿದ. ಸಾವಿರಾರು ವರ್ಷದ ಪರಂಪರೆ ಇರುವ ನಾಡಿನ ದೊರೆ ನಮ್ಮ ಕಡೆಯ ಸಾಣೆಗಾರರ ಕೈಗೆ ತಲೆಬಾಗಿದ್ದು ನನಗೆ ಬಹಳ ಇಷ್ಟವಾದ ಸಂಗತಿ.

ಒಮ್ಮೆ ಮೋಸಹೋದವಳು (ಬುಧವಾರ ರಾತ್ರಿ)

ಈ ಚರ್ಚೆ ಓದಿ ನನ್ನ ಕಲ್ಲಿನ ತೂಕ ನೋಡಿದೆ. ಎರಡು ವರ್ಷದ ಹಿಂದೆ “ಚಿಂಗ್ ರಾಜವಂಶದ ಜೇಡ್ ಬಳೆ” ಎಂದು ಆನ್‌ಲೈನ್‌ನಲ್ಲಿ ಕೊಂಡದ್ದು. 2.65 ಬಂತು. ಭೂತಗನ್ನಡಿಯಲ್ಲಿ ನೋಡಿದರೆ ಹಸಿರು ಬಣ್ಣ ಬಿರುಕುಗಳಲ್ಲಿ ಜೇಡನ ಬಲೆಯಂತೆ ಕೂತಿದೆ. ಬಣ್ಣ ಹಾಕಿದ ಬೆಣಚು ಅಲ್ಲವೇ?

ಹರಳುಪರೀಕ್ಷೆ (ಗುರುವಾರ)

ಹೌದು ಮೇಡಂ, ಎರಡೂ ಲಕ್ಷಣ ಹಾಗೆಯೇ ಹೇಳುತ್ತವೆ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ, ನುರಿತ ವ್ಯಾಪಾರಿಗಳೂ ಚಿತ್ರ ನೋಡಿ ಎಡವುತ್ತಾರೆ. ಕಂದು ಸಿಪ್ಪೆಯನ್ನೂ ಹೀಗೆಯೇ ಬಣ್ಣ ಹಾಕಿ ಮಾಡುತ್ತಾರೆ. ನಿಜವಾದ ಸಿಪ್ಪೆಯಲ್ಲಿ ಬಣ್ಣ ಹೊರಗಿನಿಂದ ಒಳಕ್ಕೆ ಮೆಲ್ಲಗೆ ಕರಗುತ್ತದೆ. ಹಾಕಿದ ಬಣ್ಣ ಬಿರುಕು, ಗುಳಿಗಳಲ್ಲಿ ಮಡುಗಟ್ಟಿ ನಿಲ್ಲುತ್ತದೆ. ಪಂಚಗಂಗಾವಳಿಯವರ ಬಾವಲಿಯ ರೆಕ್ಕೆಯಲ್ಲಿ ಬಣ್ಣ ಕರಗಿರುವುದು ಮೊದಲನೆಯ ಬಗೆ.

ಪಂಚಗಂಗಾವಳಿ ಮೇಡಂ, ಇನ್ನೊಂದು ಕೆಲಸ. ಕಪ್ಪು ದಾರ ಹೇಗೂ ಬಿಚ್ಚಿದ್ದೀರಿ. ರಂಧ್ರವನ್ನು ಟಾರ್ಚ್ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಿ. ಕೈಯಿಂದ ಕೊರೆದವರು ಎರಡೂ ಕಡೆಯಿಂದ ಕೊರೆದು ನಡುವೆ ಕೂಡಿಸುತ್ತಿದ್ದರು. ಒಂದೇ ಕಡೆಯಿಂದ ಹೋದರೆ ಆಚೆ ಬದಿ ಚಕ್ಕೆ ಹಾರುತ್ತದೆ. ಕೂಡುವ ಜಾಗದಲ್ಲಿ ಸಣ್ಣ ಮೆಟ್ಟಿಲು ಇರಬೇಕು, ಎರಡೂ ಬಾಯಿ ಒಳಗಿಗಿಂತ ತುಸು ಅಗಲ ಇರಬೇಕು. ಇಂದಿನ ವಜ್ರದ ಪುಡಿ ಲೇಪಿಸಿದ ಯಂತ್ರದ ಕೊರೆತ ಸಾಮಾನ್ಯವಾಗಿ ಬಾಯಿಯಿಂದ ಬಾಯಿಗೆ ಒಂದೇ ಅಳತೆಯಲ್ಲಿರುತ್ತದೆ. ಇದೊಂದರಿಂದಲೇ ತೀರ್ಮಾನಕ್ಕೆ ಬರಲಾಗದು, ದೋಣಿ ಗೆರೆಯ ಜೊತೆ ಸೇರಿಸಿ ನೋಡಬೇಕು.

ಪಂಚಗಂಗಾವಳಿ (ಶುಕ್ರವಾರ ರಾತ್ರಿ)

ಎಲ್ಲರ ಬರಹವನ್ನೂ ಅಮ್ಮನಿಗೆ ನಿಧಾನವಾಗಿ ಓದಿ ಹೇಳಿದೆ. “ಎರಡೂ ಪೂರ್ಣ” ಎಂಬ ಮಾತನ್ನು ಮೂರು ಬಾರಿ ಓದಿಸಿಕೊಂಡರು. ಕಾರ್ಕಳದವರ ಕೈಯ ಬೊಬ್ಬೆಗೆ ಕೊಬ್ಬರಿ ಎಣ್ಣೆ ಹಚ್ಚಿದ್ದಾರೋ ಇಲ್ಲವೋ ಕೇಳು ಎಂದರು. ಡಬ್ಬಿ ಮತ್ತೆ ದೇವರ ಕೋಣೆಗೆ ಹೋಗಿದೆ. ಅದನ್ನು ಅಮ್ಮ ಯಾವಾಗ ತೆಗೆದುಕೊಂಡು ಹೋಗಿಟ್ಟರೋ ನಾನು ನೋಡಲಿಲ್ಲ.

ರಂಧ್ರವನ್ನು ನೋಡಿದೆವು. ನಡುವೆ ಮೆಟ್ಟಿಲು ಇದೆ, ಎರಡು ಕೊರೆತಗಳು ಕೂದಲೆಳೆಯಷ್ಟು ತಪ್ಪಿ ಕೂಡಿವೆ. ಬಾಯಿಗಳು ಅಗಲ. ಆ ಮೆಟ್ಟಿಲಿನಲ್ಲಿ ಏನೋ ಕಸ ಸಿಕ್ಕಿಕೊಂಡಂತೆ ಕಂಡಿತು. ಮಗ ಸೂಜಿಯನ್ನು ಕಲ್ಲಿಗೆ ತಾಗಿಸದೆ, ನೆನೆಸಿದ ದಾರವನ್ನು ಹಾಯಿಸಿ ಎಳೆದ. ಜೀರಿಗೆಯಷ್ಟು ಉದ್ದದ ಕೆಂಪು ರೇಷ್ಮೆಯ ಎಳೆ ಬಂತು.

ಅಮ್ಮ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಅಣ್ಣ ಕೊಟ್ಟಾಗ ಕಲ್ಲಿನಲ್ಲಿ ಕೆಂಪು ಗೊಂಡೆಯ ದಾರವಿತ್ತಂತೆ. ಸಮುದ್ರದ ಗಾಳಿಗೆ ಬಣ್ಣ ಬಿಡುತ್ತದೆಂದು ತಾವೇ ಕತ್ತರಿಸಿ ಕಪ್ಪು ದಾರ ಹಾಕಿದ್ದರಂತೆ. ಈಗ ಕೆಂಪು ರೇಷ್ಮೆ ದಾರ ಬೇಕೆನ್ನುತ್ತಿದ್ದಾರೆ. ತೈಪೇಯವರೇ, ಗಂಟು ಹಾಕುವ ಬಗೆ ಗೊತ್ತಿದ್ದರೆ ಒಂದು ಚಿತ್ರ ಹಾಕುತ್ತೀರಾ?